ಫೈನಲ್ ಫ್ಯಾಂಟಸಿ 12 ಆಡೋದು ಹೇಗೆ: ಗಟ್ಟಿ ಎಲ್ಲಿದೆ, ಸಡಿಲ ಎಲ್ಲಿದೆ ಅಂತ ಗೊತ್ತಿಟ್ಕೊಂಡು

ಫೈನಲ್ ಫ್ಯಾಂಟಸಿ 12 ಶುರು ಮಾಡಿ ಐದಾರು ಗಂಟೆಗೇ ಬಿಟ್ಬಿಟ್ಟೆ ಅನ್ನೋರು ತುಂಬಾ ಜನ ಇದಾರೆ, ಯಾಕೆ ಅಂತ ಕೇಳಿದ್ರೆ ಎಲ್ಲರೂ ಹೇಳೋದು ಹೆಚ್ಚುಕಮ್ಮಿ ಇದೇ: ಗೇಮ್ ತನ್ನಷ್ಟಕ್ಕೆ ತಾನೇ ಆಡ್ಕೊಂಡು ಹೋಗುತ್ತೆ, ನಾನು ಸುಮ್ನೆ ಸ್ಟಿಕ್ ತಳ್ಕೊಂಡು ಓಡಾಡ್ತಿದೀನಿ, ಅದರ ಮೇಲೆ ಹೀರೋಗೆ ಕಥೆಯಲ್ಲಿ ಕೆಲಸಾನೇ ಇಲ್ಲ. ಎರಡರಲ್ಲೂ ನಿಜ ಇದೆ. ಆದ್ರೆ ಮೊದಲನೇ ದೂರು ಬರೋದು ಗೇಮ್‌ನ ಅತ್ಯುತ್ತಮ ಭಾಗ ಇನ್ನೂ ಸರಿಯಾಗಿ ಕೈಗೆ ಸಿಗದೆ ಇರೋ ಹೊತ್ತಲ್ಲಿ, ಅದು ಸಿಕ್ಕಿದ ಮೇಲೂ ಅದನ್ನ ಹೇಗೆ ಬಳಸ್ಬೇಕು ಅಂತ ಗೇಮ್ ಬಿಡಿಸಿ ಹೇಳಲ್ಲ. ನನ್ನ ಪ್ರಕಾರ ಈ ಗೇಮ್‌ನ ದೊಡ್ಡ ಶಕ್ತಿ ಮತ್ತು ದೊಡ್ಡ ತೊಂದರೆ ಎರಡೂ ಒಂದೇ ಜಾಗದಲ್ಲಿದೆ, ಗ್ಯಾಂಬಿಟ್‌ನಲ್ಲಿ, ಅಂದ್ರೆ ನಿಮ್ಮ ತಂಡದವರು ಫೈಟಲ್ಲಿ ಯಾವಾಗ ಏನು ಮಾಡ್ಬೇಕು ಅಂತ ಮೊದಲೇ ಬರ್ದಿಡೋ ಸಾಲುಗಳಲ್ಲಿ. ಅದನ್ನ ಚೆನ್ನಾಗಿ ಬರ್ಕೊಂಡ್ರೆ ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಇದರಷ್ಟು ಯೋಚನೆ ಮಾಡಿಸೋ ಫೈಟಿಂಗ್ ಕಡಿಮೆ, ಬರ್ಕೊಳ್ಳದೆ ಇದ್ರೆ ಐವತ್ತು ಗಂಟೆ ಬರೀ ಮರುಭೂಮಿಯಲ್ಲಿ ವಾಕಿಂಗ್.

ಮೊದಲು ಯಾವ ವರ್ಷನ್ ಅನ್ನೋದು. ಮೂಲ ಗೇಮ್ 2006ರ ಮಾರ್ಚ್‌ನಲ್ಲಿ ಜಪಾನ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಅಮೆರಿಕಕ್ಕೆ. 2007ರಲ್ಲಿ ಜಪಾನ್‌ಗೆ ಮಾತ್ರ ಅಂತ ಹನ್ನೆರಡು ಜಾಬ್ (ನೈಟ್, ಆರ್ಚರ್ ತರದ ಕಸುಬು) ಇರೋ ತಿದ್ದಿದ ಆವೃತ್ತಿ ಬಿಟ್ರು, ಅದನ್ನೇ ಇಟ್ಕೊಂಡು 2017ರ ಜುಲೈನಲ್ಲಿ ಪಿಎಸ್4ಗೆ 'ದಿ ಜೋಡಿಯಾಕ್ ಏಜ್' ಬಂತು, 2018ರಲ್ಲಿ ಪಿಸಿ, 2019ರ ಏಪ್ರಿಲ್‌ನಲ್ಲಿ ಸ್ವಿಚ್ ಮತ್ತು ಎಕ್ಸ್‌ಬಾಕ್ಸ್. ಆಡೋದಾದ್ರೆ ಜೋಡಿಯಾಕ್ ಏಜ್ ಅನ್ನೇ ಆಡಿ, ಹಳೇ ಪಿಎಸ್2 ಡಿಸ್ಕ್ ಮನೇಲಿದ್ರೂ ಸರಿ. ಹಳೇದರಲ್ಲಿ ನಿಮ್ಮ ತಂಡದ ಆರೂ ಜನಕ್ಕೂ ಒಂದೇ ಲೈಸೆನ್ಸ್ ಬೋರ್ಡ್ (ಆಯುಧ, ಮ್ಯಾಜಿಕ್ ಬಳಸೋ ಪರ್ಮಿಷನ್ ಕೊಳ್ಳೋ ಪಟ್ಟಿ) ಇತ್ತು, ಕೊನೆ ಹೊತ್ತಿಗೆ ಆರೂ ಜನ ಎಲ್ಲಾ ಕಲ್ತು ಒಂದೇ ತರ ಆಗ್ಬಿಡ್ತಿದ್ರು. ಇನ್ನೂ ಒಂದು ಅನ್ಯಾಯ ಇತ್ತು: ಗೇಮ್‌ನ ಅತಿ ಬಲವಾದ ಆಯುಧ ಜೋಡಿಯಾಕ್ ಸ್ಪಿಯರ್ ನಬುಡಿಸ್ ಅನ್ನೋ ಜಾಗದಲ್ಲಿ ಸಿಗ್ಬೇಕು ಅಂದ್ರೆ ದಾರೀಲಿ ಸಿಗೋ ಕೆಲವು ಮಾಮೂಲಿ ಪೆಟ್ಟಿಗೆಗಳನ್ನ ಮುಟ್ಟಬಾರದು, ಯಾವುವು ಅಂತ ಗೇಮ್ ಒಳಗೆ ಯಾರೂ ಹೇಳಲ್ಲ, ಅದರಲ್ಲಿ ಮೊದಲನೇದು ಶುರುವಿನ ಊರಲ್ಲೇ, ಲೋಟೌನ್‌ನಲ್ಲಿ ಮುದುಕ ಡಾಲನ್ ಮನೆ ಹೊರಗೇ ಇರ್ತಿತ್ತು. ಹೊಸ ಆವೃತ್ತಿಯಲ್ಲಿ ಆ ನಿಯಮ ತೆಗೆದಿದಾರೆ, ಕಂಡ ಪೆಟ್ಟಿಗೆ ಎಲ್ಲಾ ಧೈರ್ಯವಾಗಿ ತೆಗೀರಿ.

ಹೊಸದರಲ್ಲಿ ಇನ್ನೊಂದು ದೊಡ್ಡ ಉಪಕಾರ ಸ್ಪೀಡ್ ಮೋಡ್, 2 ಪಟ್ಟು ಅಥವಾ 4 ಪಟ್ಟು ವೇಗ. ಈ ಗೇಮ್‌ನ ಊರು, ಬಯಲು ಎಲ್ಲಾ ತುಂಬಾ ದೊಡ್ಡದು, ಒಂದ್ಸಲ ನೋಡೋಕೆ ಅದ್ಭುತ, ನಾಲ್ಕನೇ ಸಲ ದಾಟೋಕೆ ಸಾಕಾಗುತ್ತೆ, ಅಲ್ಲಿ ಇದನ್ನ ಒತ್ತಿ. ಹೊಸ ಜಾಗಕ್ಕೆ ಮೊದಲ ಸಲ ಹೋದಾಗ ಮಾತ್ರ ಬೇಡ, ಯಾಕೆ ಅಂತ ಮುಂದೆ ಬರುತ್ತೆ.

ಈಗ ಗ್ಯಾಂಬಿಟ್. ಶುರುವಿನ ಸ್ವಲ್ಪ ಹೊತ್ತು ಇದು ಇರಲ್ಲ, ಬಾಲ್ತಿಯರ್, ಫ್ರಾನ್ ಅನ್ನೋ ಜೊತೆಗಾರರು ಸೇರ್ಕೊಳ್ಳೋ ಹೊತ್ತಿಗೆ ತೆರೆಯುತ್ತೆ, ಅಲ್ಲೀವರೆಗೂ ತಾಳ್ಮೆ ಬೇಕು. ಒಂದೊಂದು ಗ್ಯಾಂಬಿಟ್ ಸಾಲಲ್ಲಿ ಎರಡು ಭಾಗ: ಎಡಗಡೆ ಯಾರು, ಯಾವ ಸ್ಥಿತಿಯಲ್ಲಿ ಅನ್ನೋದು, ಬಲಗಡೆ ಏನು ಮಾಡ್ಬೇಕು ಅನ್ನೋದು. ಸಾಲುಗಳನ್ನ ಮೇಲಿಂದ ಕೆಳಕ್ಕೆ ಓದುತ್ತೆ, ಮೊದಲು ಹೊಂದೋ ಸಾಲು ಸಿಕ್ಕಿದ ಕೂಡ್ಲೇ ಅದನ್ನ ಮಾಡುತ್ತೆ, ಕೆಳಗಿನದನ್ನ ನೋಡೋದೇ ಇಲ್ಲ. ಮನೇಲಿ ದೊಡ್ಡ ಮಗನ್ನ ಬಿಟ್ಟು ಹೊರಗೆ ಹೋಗುವಾಗ ಅಮ್ಮ ಹೇಳ್ತಾಳಲ್ಲ, ಪಾಪು ಅತ್ರೆ ಮೊದಲು ಎತ್ಕೋ, ಹಾಲು ಉಕ್ಕೋ ತರ ಆದ್ರೆ ಸ್ಟವ್ ಆರ್ಸು, ಏನೂ ಇಲ್ಲ ಅಂದ್ರೆ ಕೂತು ಓದ್ಕೋ ಅಂತ, ಹಂಗೇ ಇದು, ಕ್ರಮ ತಿರುವು ಮುರುವಾದ್ರೆ ಹಾಲು ಉಕ್ಕಿ ಹೋಗುತ್ತೆ. ಹೊಸಬರು 'ಅಟ್ಯಾಕ್' ಸಾಲನ್ನ ಮೇಲೆ ಇಟ್ಟು 'ಕ್ಯೂರ್' ಸಾಲನ್ನ ಕೆಳಗೆ ಇಡ್ತಾರೆ, ಶತ್ರು ಕಣ್ಣೆದುರು ಇರೋವರೆಗೂ ಅಟ್ಯಾಕ್ ಸಾಲು ಯಾವಾಗ್ಲೂ ಹೊಂದುತ್ತೆ, ಆದ್ದರಿಂದ ಕ್ಯೂರ್‌ಗೆ ಸರದಿ ಬರೋದೇ ಇಲ್ಲ, ಪಕ್ಕದವನು ಸತ್ತು ಬಿದ್ರೂ ಇವನು ಹೊಡೀತಾನೇ ಇರ್ತಾನೆ. ಆಮೇಲೆ ಗೇಮ್‌ನ ಎಐ ದಡ್ಡ ಅಂತ ಬೈತಾರೆ.

ಶುರುವಿಗೆ ನಿಮ್ಮ ಹೀಲರ್‌ಗೆ ಮೂರೇ ಸಾಲು ಸಾಕು, ಈ ಕ್ರಮದಲ್ಲಿ (ಆಲೈ ಅಂದ್ರೆ ನಮ್ಮವರು, ಫೋ ಅಂದ್ರೆ ಶತ್ರು, ಎಚ್‌ಪಿ ಅಂದ್ರೆ ಪ್ರಾಣಬಲ):

ಆಲೈ ಎನಿ — ಫೀನಿಕ್ಸ್ ಡೌನ್
ಆಲೈ ಎಚ್‌ಪಿ 50%ಗಿಂತ ಕಮ್ಮಿ — ಕ್ಯೂರ್
ಫೋ ಪಾರ್ಟಿ ಲೀಡರ್ಸ್ ಟಾರ್ಗೆಟ್ — ಅಟ್ಯಾಕ್

ಮೊದಲನೇ ಸಾಲಿನಿಂದ ಬಿದ್ದವರಿಗೆ ಮಾತ್ರ ಫೀನಿಕ್ಸ್ ಡೌನ್ ಹೋಗುತ್ತೆ, ನೆಟ್ಟಗೆ ನಿಂತವರ ಮೇಲೆ ವೇಸ್ಟ್ ಆಗಲ್ಲ. ಮೂರನೇ ಸಾಲು ಯಾಕೆ 'ನಿಯರೆಸ್ಟ್' ಬದಲು 'ಪಾರ್ಟಿ ಲೀಡರ್ಸ್ ಟಾರ್ಗೆಟ್' ಅಂದ್ರೆ, ನಿಯರೆಸ್ಟ್ ಇಟ್ರೆ ಫೀಲ್ಡ್‌ನಲ್ಲಿರೋ ಮೂರು ಜನ ಮೂರು ಪ್ರಾಣಿ ಹಿಂದೆ ಓಡ್ತಾರೆ, ಸುಮ್ನೆ ಮಲಗಿದ್ದನ್ನೂ ಎಬ್ಬಿಸ್ತಾರೆ. ಲೀಡರ್ ಹೊಡೆದದ್ದನ್ನೇ ಎಲ್ಲರೂ ಹೊಡೆದ್ರೆ ಒಂದೊಂದಾಗಿ ಬೇಗ ಬೀಳುತ್ತೆ.

ಗೇಮ್ ತಾನೇ ಆಡ್ಕೊಳ್ಳುತ್ತೆ ಅನ್ನೋ ದೂರಿಗೆ ಮದ್ದು ಇಲ್ಲೇ ಇದೆ: ನೀವು ಓಡಿಸೋ ಲೀಡರ್‌ಗೆ ಅಟ್ಯಾಕ್ ಗ್ಯಾಂಬಿಟ್ ಕೊಡಲೇಬೇಡಿ. ಅವನಿಗೆ ವಾಸಿ ಮಾಡೋ ಸಾಲು ಬೇಕಾದ್ರೆ ಇಡಿ, ಆದ್ರೆ ಯಾರನ್ನ ಹೊಡೀಬೇಕು ಅನ್ನೋದು ನಿಮ್ಮ ಕೈಲಿರ್ಲಿ, ಉಳಿದ ಇಬ್ಬರು ನಿಮ್ಮ ನಿರ್ಧಾರವನ್ನ ಹಿಂಬಾಲಿಸ್ತಾರೆ. ಇದೊಂದು ಬದಲಾವಣೆಗೆ ಇಡೀ ಗೇಮ್‌ನ ಅನುಭವ ಬೇರೆ ಆಗುತ್ತೆ, ನಂಬಿ. ಜೊತೆಗೆ ಸೆಟ್ಟಿಂಗ್‌ನಲ್ಲಿ ಬ್ಯಾಟಲ್ ಮೋಡ್ 'ವೇಟ್' ಇರ್ಲಿ, ಮೆನು ತೆರೆದು ಯೋಚಿಸೋವಾಗ ಕಾಲ ನಿಲ್ಲುತ್ತೆ.

ಮುಂದೆ ಹೋದ ಹಾಗೆ ಶುರುವಿನ ಊರು ರಬನಾಸ್ಟ್ರೆಯ ಗ್ಯಾಂಬಿಟ್ ಅಂಗಡಿಗೆ ಹೋಗಿ ಹೊಸ ಷರತ್ತುಗಳನ್ನ ಕೊಳ್ತಾ ಇರಿ, ಬೆಲೆ ಕಮ್ಮಿ, ಉಪಯೋಗ ಜಾಸ್ತಿ. 'ಫೋ ಎಚ್‌ಪಿ 100%' ಅನ್ನೋದಕ್ಕೆ 'ಸ್ಟೀಲ್' ಜೋಡಿಸಿದ್ರೆ ಇನ್ನೂ ಪೆಟ್ಟು ಬೀಳದ ಶತ್ರುವಿನಿಂದ ಮೊದಲು ಕದೀತಾನೆ, ಒಂದು ಏಟು ಬಿದ್ದ ಮೇಲೆ ತಾನಾಗೇ ನಿಲ್ಲಿಸ್ತಾನೆ. 'ಫೋ ಅನ್‌ಡೆಡ್' ಅನ್ನೋದಕ್ಕೆ 'ಕ್ಯೂರ್' ಇಟ್ರೆ ದೆವ್ವ, ಅಸ್ಥಿಪಂಜರಕ್ಕೆಲ್ಲ ಅದು ಏಟಾಗಿ ಬೀಳುತ್ತೆ. 'ಫೋ ಫ್ಲೈಯಿಂಗ್' ಬಂದೂಕು, ಬಿಲ್ಲು ಹಿಡಿದವರಿಗೆ ಬಲು ಮುಖ್ಯ, ಕತ್ತಿ ಹಿಡಿದವರ ಏಟು ಹಾರೋದಕ್ಕೆ ತಾಗಲ್ಲ. ಪ್ರೊಟೆಕ್ಟ್, ಹೇಸ್ಟ್, ಬಬಲ್ ತರ ಬಲ ಕೊಡೋ ಮ್ಯಾಜಿಕ್‌ಗಳನ್ನ 'ಆಲೈ ಎನಿ' ಮೇಲೆ ಇಟ್ಟುಬಿಡಿ, ಈಗಾಗ್ಲೇ ಇರೋರ ಮೇಲೆ ಮತ್ತೆ ಹಾಕಲ್ಲ, ತೀರಿದಾಗ ತಾನೇ ಹಾಕುತ್ತೆ. ಅದರಲ್ಲೂ ಬಬಲ್ ಗರಿಷ್ಠ ಎಚ್‌ಪಿಯನ್ನ ಡಬಲ್ ಮಾಡುತ್ತೆ, ಗೇಮ್‌ನ ಎರಡನೇ ಅರ್ಧದಲ್ಲಿ ಇದಿಲ್ದೆ ಬಾಸ್ ಮುಂದೆ ನಿಲ್ಲೋದು ಕಷ್ಟ.

ಒಂದು ಎಚ್ಚರಿಕೆ, ಇದನ್ನ ಯಾರೂ ಹೇಳಿಕೊಡಲ್ಲ. ಬಯಲಲ್ಲಿ ಅಲ್ಲಲ್ಲಿ ಮಿನುಗೋ ಉಂಡೆ ತರ ಎಲಿಮೆಂಟಲ್‌ಗಳು ತೇಲ್ತಾ ಇರುತ್ತೆ, ಸುಮ್ಮನಿರುತ್ತೆ, ಎಚ್‌ಪಿ ಪಟ್ಟಿ ಹಸಿರು. ಆದ್ರೆ ಪಕ್ಕದಲ್ಲಿ ಯಾರಾದ್ರೂ ಮ್ಯಾಜಿಕ್ ಹಾಕಿದ್ರೆ ಸಾಕು ತಿರುಗಿ ಬೀಳುತ್ತೆ, ಆ ಜಾಗದ ಬಾಕಿ ಪ್ರಾಣಿಗಳಿಗಿಂತ ಎಷ್ಟೋ ಪಾಲು ಬಲ ಇರುತ್ತೆ ಅದಕ್ಕೆ. ನೀವು ಹಾಕದೆ ಇದ್ರೂ ನಿಮ್ಮ ಗ್ಯಾಂಬಿಟ್ ಹಾಕುತ್ತೆ: ನಡ್ಕೊಂಡು ಹೋಗ್ತಿರ್ತೀರ, ಯಾರದ್ದೋ ಪ್ರೊಟೆಕ್ಟ್ ತೀರುತ್ತೆ, ಹೀಲರ್ ಕೈ ಎತ್ತಿ ಮಂತ್ರ ಶುರು ಮಾಡ್ತಾಳೆ, ಅಷ್ಟೇ, ಮೂರು ಜನವೂ ನೆಲಕ್ಕೆ. ಎಲಿಮೆಂಟಲ್ ಕಂಡ್ರೆ ಮೆನುವಿಂದ ಮ್ಯಾಜಿಕ್ ಹಾಕೋರ ಗ್ಯಾಂಬಿಟ್ ಆಫ್ ಮಾಡಿ ದಾಟಿ ಹೋಗಿ, ಆಮೇಲೆ ಆನ್ ಮಾಡಿ. 4 ಪಟ್ಟು ವೇಗ ಹೊಸ ಜಾಗದಲ್ಲಿ ಬೇಡ ಅಂದಿದ್ದು ಇದಕ್ಕೇ, ನೆಲದಲ್ಲಿರೋ ಟ್ರ್ಯಾಪ್ ಕೂಡ ಆ ವೇಗದಲ್ಲಿ ಕಾಣಲ್ಲ. ಟ್ರ್ಯಾಪ್ ಕಾಣೋಕೆ ಒಬ್ಬರಿಗಾದ್ರೂ ಲಿಬ್ರಾ ಅನ್ನೋ ಸಾಮರ್ಥ್ಯ ಹಾಕಿರಿ. ಹಸಿರು ಪಟ್ಟಿ ಅಂದ್ರೆ ತಾನಾಗಿ ಬರಲ್ಲ, ಕೆಂಪು ಅಂದ್ರೆ ಬರುತ್ತೆ, ಎಸ್ಟರ್‌ಸ್ಯಾಂಡ್ ಮರುಭೂಮಿಯಲ್ಲಿ ಶುರುವಲ್ಲೇ ಡೈನೋಸಾರ್ ಒಂದು ಓಡಾಡ್ತಿರುತ್ತೆ, ಅದರ ತಂಟೆಗೆ ಹೋಗ್ಬೇಡಿ ಸದ್ಯಕ್ಕೆ.

ಲೈಸೆನ್ಸ್ ಬೋರ್ಡ್‌ನಲ್ಲಿ ಎಲ್ಲರೂ ತಡವರಿಸೋದು ಒಂದೇ ಕಡೆ: ಕತ್ತಿ ಕೊಂಡ್ರೆ ಸಾಲದು, ಆ ಕತ್ತಿ ಹಿಡಿಯೋ ಲೈಸೆನ್ಸ್ ಕೂಡ ಎಲ್‌ಪಿ (ಫೈಟಲ್ಲಿ ಸಿಗೋ ಲೈಸೆನ್ಸ್ ಪಾಯಿಂಟ್) ಕೊಟ್ಟು ತಗೋಬೇಕು, ಮ್ಯಾಜಿಕ್‌ಗೂ ಹಾಗೇ, ಎರಡೂ ಬೇಕು. ಇದು ನನಗೆ ಇಷ್ಟವಿಲ್ಲದ ಭಾಗ, ಅಂಗಡಿಯಲ್ಲಿ ಟೋಪಿ ಕೊಂಡು ಹಾಕ್ಕೊಳ್ಳೋಕೂ ಪರ್ಮಿಷನ್ ಬೇಕು ಅನ್ನೋದು ಬರೀ ಕಿರಿಕಿರಿ. ಎಲ್‌ಪಿ ಮೊದಲು ಗ್ಯಾಂಬಿಟ್ ಸ್ಲಾಟ್‌ಗೆ, ಆಮೇಲೆ ಎಚ್‌ಪಿ ಹೆಚ್ಚಿಸೋದಕ್ಕೆ ಮತ್ತು ಸ್ವಿಫ್ಟ್‌ನೆಸ್‌ಗೆ ಹಾಕಿ, ಆಯುಧದ ಲೈಸೆನ್ಸ್ ಕೈಲಿ ಆ ಆಯುಧ ಬಂದಾಗ ತಗೊಂಡ್ರೂ ಆಗುತ್ತೆ. ಎಲ್‌ಪಿ ಹೊರಗೆ ಕೂತ ಮೂರು ಜನಕ್ಕೂ ಬರುತ್ತೆ, ಎಕ್ಸ್‌ಪೀರಿಯನ್ಸ್ ಮಾತ್ರ ಫೀಲ್ಡ್‌ನಲ್ಲಿ ಇರೋರಿಗೆ, ಅದಕ್ಕೆ ಆಗಾಗ ಆಳು ಬದಲಾಯಿಸಿ ಆಡಿ.

ಒಬ್ಬೊಬ್ಬರಿಗೆ ಎರಡೆರಡು ಜಾಬ್. ಎರಡನೇದು ತೆರೆಯೋದು ರೈತ್‌ವಾಲ್ ಸಮಾಧಿಯಲ್ಲಿ ಬೆಲಿಯಾಸ್ ಅನ್ನೋ ಬಾಸ್‌ನ ಸೋಲಿಸಿದ ಮೇಲೆ. ಆರು ಜನ, ಹನ್ನೆರಡು ಜಾಬ್, ಲೆಕ್ಕ ಸರಿಯಾಗಿ ಕೂರುತ್ತೆ, ಮೊದಲ ಸಲ ಆಡೋರು ಒಂದೂ ಬಿಡದೆ ಒಂದೂ ಎರಡು ಸಲ ಆಗದೆ ಹಂಚಿದ್ರೆ ಯಾವ ಆಯುಧ ಸಿಕ್ಕಿದ್ರೂ ಹಿಡಿಯೋಕೆ ಒಬ್ಬರು ಇರ್ತಾರೆ. ನನ್ನ ಹಂಚಿಕೆ ಹೀಗೆ: ವಾನ್‌ಗೆ ಶಿಕಾರಿ ಮತ್ತು ಫೋಬ್ರೇಕರ್, ಬಾಷ್‌ಗೆ ನೈಟ್ ಮತ್ತು ಬುಶಿ, ಫ್ರಾನ್‌ಗೆ ಆರ್ಚರ್ ಮತ್ತು ಊಲಾನ್, ಬಾಲ್ತಿಯರ್‌ಗೆ ವೈಟ್ ಮೇಜ್ ಮತ್ತು ಮೆಷಿನಿಸ್ಟ್, ಆಶೆಗೆ ರೆಡ್ ಮತ್ತು ಟೈಮ್ ಬ್ಯಾಟಲ್‌ಮೇಜ್, ಪೆನೆಲೋಗೆ ಬ್ಲ್ಯಾಕ್ ಮೇಜ್ ಮತ್ತು ಮಾಂಕ್. ಬಾಲ್ತಿಯರ್‌ದು ನೋಡೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ಕಾರಣ ಇದೆ: ಬಂದೂಕಿನ ಏಟಿಗೆ ಹಿಡಿದವನ ತೋಳ್ಬಲ ಲೆಕ್ಕಕ್ಕೆ ಬರಲ್ಲ, ಶತ್ರುವಿನ ರಕ್ಷಾಕವಚವೂ ಲೆಕ್ಕಕ್ಕಿಲ್ಲ, ಆದ್ದರಿಂದ ತೆಳ್ಳಗಿನ ಮ್ಯಾಜಿಕ್ ಬಟ್ಟೆ ಹಾಕ್ಕೊಂಡ ಹೀಲರ್ ದೂರ ನಿಂತು ಬಂದೂಕು ಹೊಡೆದ್ರೂ ಏಟು ಪೂರ್ತಿ ಬೀಳುತ್ತೆ, ಕೋಲು ಹಿಡಿದು ಹತ್ತಿರ ಹೋಗಿ ಸಾಯೋದಕ್ಕಿಂತ ಇದು ಸಾವಿರ ಪಾಲು ವಾಸಿ. ಆರಿಸಿದ್ದು ಸರಿಹೋಗ್ಲಿಲ್ಲ ಅಂದ್ರೆ ಗಾಬರಿ ಬೇಡ, ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಆವೃತ್ತಿಯಲ್ಲಿ ರಬನಾಸ್ಟ್ರೆಯ ಕ್ಲ್ಯಾನ್ ಕಚೇರಿಯಲ್ಲಿರೋ ಮೋಂಬ್ಲಾಂಕ್ ಜಾಬ್ ರೀಸೆಟ್ ಮಾಡ್ಕೊಡ್ತಾನೆ, ಆಮೇಲೆ ಪಿಸಿ, ಪಿಎಸ್4ಗೂ ಅಪ್‌ಡೇಟ್‌ನಲ್ಲಿ ಅದು ಬಂತು. 13 ಎಸ್ಪರ್‌ಗಳ (ಕರೆದಾಗ ಬಂದು ಹೋರಾಡೋ ದೈತ್ಯ ಜೀವಿಗಳು) ಲೈಸೆನ್ಸ್ ಮಾತ್ರ ಒಂದೊಂದೂ ಒಬ್ಬರಿಗೇ, ಯಾರ ಬೋರ್ಡ್‌ನಲ್ಲಿ ಅದರ ಹಿಂದೆ ಏನು ಬಾಗಿಲು ತೆರೆಯುತ್ತೆ ಅಂತ ನೋಡಿ ಕೊಡಿ.

ದುಡ್ಡಿನ ವಿಷಯ. ಇಲ್ಲಿ ಪ್ರಾಣಿ ಸಾಯಿಸಿದ್ರೆ ಗಿಲ್ (ಗೇಮ್‌ನ ದುಡ್ಡು) ಸಿಗಲ್ಲ ಅಂತಲೇ ಇಟ್ಕೊಳ್ಳಿ, ಚರ್ಮ, ಕೋರೆ, ಕಲ್ಲು ಇಂಥವು ಸಿಗುತ್ತೆ, ಅದನ್ನ ಮಾರಬೇಕು. ಒಂದೇ ಜಾತಿ ಪ್ರಾಣಿಯನ್ನ ಸಾಲಾಗಿ ಹೊಡೀತಾ ಹೋದ್ರೆ ಚೈನ್ ಬೆಳೆಯುತ್ತೆ, ಸಿಗೋ ಮಾಲಿನ ದರ್ಜೆ ಏರುತ್ತೆ, ನಡುವೆ ಬೇರೆ ಜಾತಿ ಹೊಡೆದ್ರೆ ಮುರೀತು. ಕೆಲವು ಮಾಲು ಜೊತೆಯಾಗಿ ಮಾರಿದಾಗ ಬಜಾರ್‌ನಲ್ಲಿ ಹೊಸ ಪೊಟ್ಟಣ ಬರುತ್ತೆ, ಅದು ಮಾಮೂಲಿ ಅಂಗಡಿಗಿಂತ ಅಗ್ಗ ಇರೋದೇ ಜಾಸ್ತಿ. ಆದ್ರೆ ಏನೇನು ಮಾರಿದ್ರೆ ಏನು ಬರುತ್ತೆ ಅಂತ ಮೊದಲೇ ತಿಳಿಯೋ ದಾರಿ ಗೇಮ್‌ನಲ್ಲಿ ಸರಿಯಾಗಿಲ್ಲ, ಇದು ನಿಜವಾದ ಕೊರತೆ, ಕೊನೆಯ ಆಯುಧಗಳಿಗೆ ಪಟ್ಟಿ ಹುಡುಕಿ ನೋಡ್ಲೇಬೇಕಾಗುತ್ತೆ.

ಕಥೆ ಬಗ್ಗೆ ನನಗೆ ತುಂಬಾ ಹೇಳೋಕಿದೆ. ಡಾಲ್ಮಾಸ್ಕಾ ಅನ್ನೋ ಪುಟ್ಟ ರಾಜ್ಯ, ಅದರ ಎರಡೂ ಕಡೆ ಆರ್ಕೇಡಿಯಾ, ರೊಜಾರಿಯಾ ಅನ್ನೋ ಎರಡು ಸಾಮ್ರಾಜ್ಯ, ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನ್ನ, ಆಮೇಲೆ ಅಪ್ಪನ್ನ, ರಾಜ್ಯವನ್ನ ಕಳ್ಕೊಂಡ ರಾಜಕುಮಾರಿ ಆಶೆ, ರಾಜನ್ನ ಕೊಂದ ಅಂತ ಹೆಸರು ಕೆಡಿಸ್ಕೊಂಡ ಸೇನಾಪತಿ ಬಾಷ್. ಇವರಿಬ್ಬರ ಕಥೆ ಇದು. ಸೇಡು ತೀರಿಸ್ಕೊಳ್ಳೋ ಶಕ್ತಿ ಕೈಗೆ ಸಿಕ್ಕಾಗ ಅದನ್ನ ಬಳಸ್ಬೇಕಾ ಅನ್ನೋ ಪ್ರಶ್ನೆಯನ್ನ ಆಶೆ ಎದುರಿಸೋ ರೀತಿ ಈ ಸರಣಿಯ ಬೇರೆ ಯಾವ ಗೇಮ್‌ನಲ್ಲೂ ಇಷ್ಟು ಪ್ರಬುದ್ಧವಾಗಿ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ನಿಮ್ಮ ಕೈಗೆ ಕೊಡೋದು ವಾನ್ ಅನ್ನೋ ಬೀದಿ ಹುಡುಗನ್ನ, ಅವನಿಗೆ ಮೊದಲ ಕೆಲವು ಗಂಟೆ ಬಿಟ್ರೆ ಸ್ವಂತ ಕಥೆ ಕಮ್ಮಿ. ಮೊದಲು ಬಾಷ್‌ನಂಥ ವಯಸ್ಸಾದ ಗಂಡಸನ್ನೇ ನಾಯಕನಾಗಿ ಇಡೋ ಯೋಚನೆ ಇತ್ತು ಅಂತ ಮಾಡಿದವರೇ ಹೇಳಿದಾರೆ. ಅದರ ಜೊತೆಗೆ ಈ ಗೇಮ್ ನಡೆಯೋ ಇವಾಲೀಸ್ ಲೋಕವನ್ನ ಕಟ್ಟಿದ ಯಾಸುಮಿ ಮಾತ್ಸುನೊ 2005ರಲ್ಲಿ ಅನಾರೋಗ್ಯದ ಕಾರಣಕ್ಕೆ ನಡುವೆಯೇ ಕಂಪನಿ ಬಿಟ್ರು, ಹಿರೋಯುಕಿ ಇಟೊ ಮತ್ತು ಹಿರೋಶಿ ಮಿನಗಾವಾ ನಿರ್ದೇಶನ ಮುಗಿಸಿದ್ರು. ಮೊದಲ ಅರ್ಧ ಬಿಗಿಯಾಗಿದ್ದು ಎರಡನೇ ಅರ್ಧ ಸಡಿಲ ಅನ್ಸೋದು ಆಡಿದ ಎಲ್ಲರಿಗೂ ಗೊತ್ತು.

ಹಾಗಾಗಿ ಆಡುವಾಗ ವಾನ್‌ನ ನಾಯಕ ಅಂತ ನೋಡ್ಬೇಡಿ, ದೊಡ್ಡವರ ರಾಜಕೀಯವನ್ನ ಪಕ್ಕದಿಂದ ನೋಡೋ ಕಣ್ಣು ಅಂತ ಇಟ್ಕೊಳ್ಳಿ, ಊರಲ್ಲಿ ಓಡಾಡೋವಾಗ ಅವನೇ ಇರ್ತಾನೆ, ಊರಾಚೆ ಲೀಡರ್ ಆಗಿ ಆಶೆಯನ್ನೋ ಬಾಷ್‌ನನ್ನೋ ಇಟ್ಟು ಆಡಿ, ಮನಸ್ಸಿಗೆ ಕಥೆ ಸರಿಯಾಗಿ ಕೂರುತ್ತೆ. ಸಬ್‌ಟೈಟಲ್ ಆನ್ ಇರ್ಲಿ, ಇಂಗ್ಲಿಷ್ ಅನುವಾದ ಹಳೇ ಕಾಲದ ರಾಜಸಭೆಯ ಧಾಟಿಯಲ್ಲಿದೆ, ಅತಿ ಸೊಗಸು, ಆದ್ರೆ ಕೇಳಿ ಒಂದೇ ಸಲಕ್ಕೆ ಹಿಡಿಯೋದು ಕಷ್ಟ. ಜಪಾನಿ ಧ್ವನಿ ಬೇಕಾದ್ರೂ ಹೊಸ ಆವೃತ್ತಿಯಲ್ಲಿ ಇದೆ. ಆಕಾಶದಲ್ಲಿ ತೇಲೋ ಭುಜೆರ್ಬಾ ಊರಿಗೆ ಹೋದಾಗ ಅಲ್ಲಿನವರು 'ಭದ್ರ' ಅಂತ ಶುರು ಮಾಡಿ ಮಾತಾಡೋದು ಕೇಳಿ, ನಮ್ಮ ಕಡೆಯವರಿಗೆ ಅದು ಬೇರೇನೇ ಖುಷಿ ಕೊಡುತ್ತೆ.

ಸಡಿಲ ಜಾಗಗಳನ್ನ ದಾಟೋ ದಾರಿ. ಬುರ್-ಒಮಿಸೇಸ್ ಬೆಟ್ಟ ಆದ ಮೇಲೆ ಆರ್ಕೇಡೀಸ್ ರಾಜಧಾನಿಗೆ ನಡ್ಕೊಂಡೇ ಹೋಗೋ ಭಾಗ ಬರುತ್ತೆ, ಸಲಿಕಾವುಡ್ ಕಾಡು, ಫೋನ್ ಕೋಸ್ಟ್, ಚಿಟಾ ಬಯಲು, ಸೋಕೆನ್ ಗುಹೆ, ಗಂಟೆಗಟ್ಲೆ ಕಥೆ ಮುಂದಕ್ಕೆ ಹೋಗಲ್ಲ. ಇದನ್ನ ಒಂದೇ ಉಸಿರಿಗೆ ಮುಗಿಸೋಕೆ ಹೋಗ್ಬೇಡಿ, ನಡುನಡುವೆ ಹಂಟ್ ತಗೊಳ್ಳಿ. ಹೆಂಡದಂಗಡಿ ನೋಟಿಸ್ ಬೋರ್ಡ್ ನೋಡಿ ಹಂಟ್ ಒಪ್ಕೊಂಡು, ಅದನ್ನ ಹಾಕಿದವರನ್ನ ಹೋಗಿ ಮಾತಾಡ್ಸಿ, ಆಮೇಲೆ ಪ್ರಾಣಿ ಹುಡುಕಿ ಹೊಡೆದು ವಾಪಸ್ ಬಂದು ಬಹುಮಾನ ತಗೊಳ್ಳೋದು, ಒಟ್ಟು 45 ಇದೆ. ಗೇಮ್‌ನ ಚೆಂದ ಇರೋದೇ ಇಲ್ಲಿ, ನೀವು ಬರೆದ ಗ್ಯಾಂಬಿಟ್ ನಿಜವಾಗ್ಲೂ ಪರೀಕ್ಷೆಗೆ ಬೀಳೋದು ಇಲ್ಲಿ, ಸೋತ್ರೆ ಲೆವೆಲ್ ಏರಿಸೋಕೆ ಓಡ್ಬೇಡಿ, ಮೊದಲು ಸಾಲುಗಳನ್ನ ನೋಡಿ ಯಾವ ಹೊತ್ತಿಗೆ ಯಾರು ಏನು ಮಾಡ್ಬೇಕಿತ್ತು ಮಾಡ್ಲಿಲ್ಲ ಅಂತ ಹುಡುಕಿ.

ಆರ್ಕೇಡೀಸ್‌ನಲ್ಲಿ ಊರವರ ಮಾತು ಒಬ್ಬರಿಂದ ಒಬ್ಬರಿಗೆ ದಾಟಿಸಿ 9 ಪೈನ್‌ವುಡ್ ಚಾಪ್ (ಮರದ ಬಿಲ್ಲೆ) ಸೇರಿಸೋ ಕೆಲಸ ಬರುತ್ತೆ, ಬೇಗ ಮುಗಿಸಿ ಮುಂದೆ ಹೋಗಿ. ಗ್ರೇಟ್ ಕ್ರಿಸ್ಟಲ್‌ಗೆ ಮ್ಯಾಪೇ ಇಲ್ಲ, ಎಲ್ಲಾ ದಾರಿಯೂ ಒಂದೇ ತರ ಕಾಣುತ್ತೆ, ಅಲ್ಲಿ ಗೈಡ್ ನೋಡೋದ್ರಲ್ಲಿ ತಪ್ಪೇನಿಲ್ಲ. ರೈತ್‌ವಾಲ್ ಸಮಾಧಿಯಲ್ಲಿ ಮುಂದಕ್ಕೆ ಸರೀತಾ ಬರೋ ಗೋಡೆ ಎರಡಿದೆ, ಮೊದಲನೇ ಡೀಮನ್ ವಾಲ್ ಆ ಹೊತ್ತಿಗೆ ನಿಮ್ಮ ಶಕ್ತಿ ಮೀರಿದ್ದು, ಅದನ್ನ ಬಿಟ್ಟು ಓಡಿ ಬಾಗಿಲು ದಾಟ್ಬೋದು, ಹೊಡೀಲೇಬೇಕಾಗಿರೋದು ಎರಡನೇದು. ದೊಡ್ಡ ಮ್ಯಾಜಿಕ್‌ಗಳು ಒಂದಾದ ಮೇಲೊಂದು ಸರದಿ ಕಾಯುತ್ತೆ, ಮೂರು ಜನಕ್ಕೂ ಅಂಥದ್ದನ್ನೇ ಕೊಟ್ರೆ ಕೈ ಎತ್ತಿ ನಿಂತಲ್ಲೇ ಏಟು ತಿಂತಾರೆ, ಒಬ್ಬರಿಗೆ ಸಾಕು.

ಕೊನೆಗೆ ಯಾಜ್ಮಾಟ್, ಹಂಟ್‌ಗಳಲ್ಲೇ ಅತಿ ದೊಡ್ಡ ಬೇಟೆ. ಎಚ್‌ಪಿ 5 ಕೋಟಿಗೂ ಜಾಸ್ತಿ. ಹಳೇ ಗೇಮ್‌ನಲ್ಲಿ ಒಂದು ಏಟಿಗೆ 9999 ಮಿತಿ ಇದ್ದಾಗ ಇದು ಗಂಟೆಗಟ್ಲೆ ಕೂರೋ ಕೆಲಸ, ಹೊಸದರಲ್ಲಿ ಆ ಮಿತಿ ಇಲ್ಲ, ಸ್ಪೀಡ್ ಮೋಡ್ ಬೇರೆ ಇದೆ. ನಡುವೆ ಹೊರಗೆ ಬಂದು ಸೇವ್ ಮಾಡಿ ಮತ್ತೆ ಹೋಗ್ಬೋದು, ನಾಚ್ಕೋಬೇಡಿ. ಹೋಗೋ ಮುಂಚೆ ಹೊರಗೆ ಕೂತ ಮೂರು ಜನದ ಗ್ಯಾಂಬಿಟ್ ಕೂಡ ಪೂರ್ತಿ ಬರ್ದಿಡಿ, ಅವರ ಮೊದಲ ಸಾಲು ಬಿದ್ದವರನ್ನ ಎಬ್ಬಿಸೋದೇ ಆಗಿರ್ಲಿ, ಯಾಕಂದ್ರೆ ಮುಂದಿನ ಮೂವರು ಒಟ್ಟಿಗೆ ಬಿದ್ದಾಗ ಗೇಮ್ ಮುಗಿಯಲ್ಲ, ಇವರನ್ನ ಇಳಿಸೋಕೆ ಅವಕಾಶ ಕೊಡುತ್ತೆ, ಇಳಿದ ಕೂಡ್ಲೇ ನೀವು ಮೆನು ತೆರೆಯೋ ಮೊದಲೇ ಅವರು ಕೆಲಸ ಶುರು ಮಾಡಿರ್ಬೇಕು.